ಒಂದು ಸಹಿಯ ಬೆಲೆ

ಸೆರೆಮನೆಯಲ್ಲಿರುವ ಒಬ್ಬ ರೈತನ ಮುಂದೆ ಬೆಳಗಿನ ಜಾವದಲ್ಲಿ ಒಂದು ಕಾಗದವನ್ನಿಟ್ಟು ಸಹಿ ಮಾಡೆನ್ನುತ್ತಾರೆ. ತಾನು ಸೈತಾನನ ಸೇವೆಗೆ ಒಪ್ಪಿದ್ದೆನೆಂಬ ತಪ್ಪೊಪ್ಪಿಗೆ ಅದರಲ್ಲಿದೆ. ಅದು ಸುಳ್ಳೆಂದು ರೈತನಿಗೆ ಗೊತ್ತು. ಎದುರಿಗೆ ನಿಂತವರಲ್ಲಿ ಒಬ್ಬಿಬ್ಬರಿಗೂ ಗೊತ್ತು. ಸಹಿ ಮಾಡಿದರೆ ಜೀವ ಉಳಿಯುತ್ತದೆ; ಬಸುರಿ ಹೆಂಡತಿಯೂ ಮಕ್ಕಳೂ ಅನಾಥರಾಗುವುದಿಲ್ಲ. ಮಾಡದಿದ್ದರೆ ಹೊತ್ತು ಮೂಡುವಷ್ಟರಲ್ಲಿ ನೇಣು. ಹೀಗಿರುವಾಗ ಆ ಸುಳ್ಳಿಗೆ ಸಹಿ ಹಾಕುವುದು ಅಧರ್ಮವೆ?

ಅಮೆರಿಕದ ನಾಟಕಕಾರ ಆರ್ಥರ್ ಮಿಲ್ಲರನ ‘ದಿ ಕ್ರೂಸಿಬಲ್’ ನಾಟಕದ ಕೊನೆಯ ಅಂಕದಲ್ಲಿ ಜಾನ್ ಪ್ರಾಕ್ಟರ್ ಎಂಬ ಪಾತ್ರದ ಎದುರು ನಿಲ್ಲುವ ಪ್ರಶ್ನೆಯಿದು. ನಾಟಕವು ನ್ಯೂಯಾರ್ಕಿನಲ್ಲಿ ಮೊದಲು ರಂಗಕ್ಕೆ ಬಂದದ್ದು 1953ರ ಜನವರಿಯಲ್ಲಿ. ಕ್ರೂಸಿಬಲ್ ಎಂದರೆ ಮೂಸೆ. ಅಕ್ಕಸಾಲಿಗನು ಚಿನ್ನವನ್ನು ಕರಗಿಸುವ ಪಾತ್ರೆ. ನಮ್ಮ ಮನೆಗಳ ಮಕ್ಕಳಲ್ಲಿ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಆರಿಸಿಕೊಂಡವರಿಗೆ ಇದರ ಪರಿಚಯವಿರಬಹುದು. ಕಥೆ ನಡೆಯುವುದು ಸೇಲಂ ಎಂಬ ಊರಿನಲ್ಲಿ. ಹೊಸೂರು, ತಾಳವಾಡಿಗಳ ಕಡೆಯವರಾದ ನಮಗೆ ಸೇಲಂ ಎಂದೊಡನೆ ಮಾವಿನಹಣ್ಣೂ ಉಕ್ಕಿನ ಕಾರ್ಖಾನೆಯೂ ನೆನಪಾಗುವುದು ಸಹಜ. ಇದು ಆ ಸೇಲಂ ಅಲ್ಲ. ಇಂಗ್ಲೆಂಡನ್ನು ಬಿಟ್ಟು ಅಟ್ಲಾಂಟಿಕ್ ಸಾಗರವನ್ನು ದಾಟಿ ಮ್ಯಾಸಚೂಸೆಟ್ಸಿನಲ್ಲಿ ನೆಲೆಸಿದ ಪ್ಯೂರಿಟನ್ ಪಂಥದ ಕ್ರೈಸ್ತರ ಊರು ಅದು. ಕಷ್ಟಪಟ್ಟು ಕಾಡು ಕಡಿದು ಹೊಲ ಮಾಡಿಕೊಂಡವರು, ದೇವರ ಭಯವುಳ್ಳವರು, ಅಕ್ಷರ ಬಲ್ಲವರು. ದುಷ್ಟರ ಊರಲ್ಲವೆಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

1692ರ ಚಳಿಗಾಲದಲ್ಲಿ ಆ ಊರಿನ ಪಾದ್ರಿ ಸ್ಯಾಮ್ಯುಯೆಲ್ ಪ್ಯಾರಿಸನ ಒಂಬತ್ತು ವರ್ಷದ ಮಗಳಿಗೂ ಅವನ ಮನೆಯಲ್ಲಿದ್ದ ಹನ್ನೊಂದು ವರ್ಷದ ಅಬಿಗೇಲ್ ವಿಲಿಯಮ್ಸಳಿಗೂ ಮೈ ಸೆಟೆಯುವ, ಚೀರಾಡುವ ಬೇನೆ ಕಾಣಿಸಿಕೊಂಡಿತು. ಮದ್ದಿಗೆ ಬಗ್ಗದ್ದನ್ನು ಮಾಟವೆಂದರು. ಮಾಡಿದವರಾರೆಂದು ದೊಡ್ಡವರು ಕೇಳಿ ಕೇಳಿ, ಕೊನೆಗೆ ಮಕ್ಕಳ ಬಾಯಿಂದ ಹೆಸರುಗಳು ಹೊರಟವು. ಬೇನೆ ಇತರ ಹುಡುಗಿಯರಿಗೂ ಹಬ್ಬಿತು, ಹೆಸರುಗಳೂ ಬೆಳೆದವು. ವರ್ಷ ಕಳೆಯುವುದರೊಳಗೆ 150ಕ್ಕೂ ಹೆಚ್ಚು ಜನ ಆರೋಪಕ್ಕೆ ಗುರಿಯಾದರು. 14 ಹೆಂಗಸರನ್ನೂ 5 ಗಂಡಸರನ್ನೂ ನೇಣಿಗೆ ಹಾಕಿದರು. ಗೈಲ್ಸ್ ಕೋರಿ ಎಂಬ ಮುದುಕನು ವಿಚಾರಣೆಗೆ ಒಳಗಾಗಲು ಒಪ್ಪದಿರಲಾಗಿ ಅವನ ಎದೆಯ ಮೇಲೆ ಕಲ್ಲು ಹೇರಿ ಕೊಂದರು. ಕನಿಷ್ಠ ಐವರು ಸೆರೆಮನೆಯಲ್ಲೇ ಸತ್ತರು. ಈ ಎಲ್ಲದರ ನಡುವೆ ವಿಚಿತ್ರವಾದ ಒಂದು ಸಂಗತಿಯಿದೆ. ತಾನು ಮಾಟ ಮಾಡಿದ್ದು ನಿಜವೆಂದು ಒಪ್ಪಿಕೊಂಡು ಆ ಮಾತಿಗೆ ಅಂಟಿಕೊಂಡ ಒಬ್ಬರನ್ನೂ ನೇಣಿಗೆ ಹಾಕಲಿಲ್ಲ. ಒಪ್ಪಿದವರು ಐವತ್ತಕ್ಕೂ ಹೆಚ್ಚು ಜನ. ಸತ್ತವರು, ತಾವು ನಿರಪರಾಧಿಗಳೆಂದು ಕೊನೆಯವರೆಗೂ ಹೇಳಿದವರು. ಸ್ಯಾಮ್ಯುಯೆಲ್ ವಾರ್ಡ್‌ವೆಲ್ ಎಂಬಾತನು ಮೊದಲು ಒಪ್ಪಿ, ಆಮೇಲೆ ಆ ಒಪ್ಪಿಗೆ ಸುಳ್ಳೆಂದು ಹಿಂತೆಗೆದುಕೊಂಡನು, ಅವನನ್ನೂ ನೇಣಿಗೇರಿಸಿದರು. ಸುಳ್ಳಿಗೆ ಪ್ರಾಣದಾನ, ನಿಜಕ್ಕೆ ಮರಣದಂಡನೆ!

ಇಂತಹ ಕಥೆಯನ್ನು ಕೇಳಿದೊಡನೆ ಕನ್ನಡಿಗರ ಮನಸ್ಸು ಪುಣ್ಯಕೋಟಿಯ ಕಡೆಗೂ ರಾಘವಾಂಕನ ಹರಿಶ್ಚಂದ್ರನ ಕಡೆಗೂ ಓಡುತ್ತದೆ. ಪ್ರಾಕ್ಟರ್ ಸಹಿ ಮಾಡಿಯೂ ಕಾಗದವನ್ನು ಕೊಡದೆ ಹರಿದುಹಾಕಿ ಸಾವಿಗೆ ನಡೆಯುತ್ತಾನೆ. ಸತ್ಯಕ್ಕಾಗಿ ಪ್ರಾಣ ಕೊಟ್ಟ ಇನ್ನೊಬ್ಬ ಮಹಾತ್ಮ ಎಂದುಕೊಂಡು ನಾವು ಕೈಮುಗಿದು ಮುಂದೆ ಹೋಗಬಹುದು. ಆದರೆ ಹೋಲಿಕೆ ಅಷ್ಟು ಸಲೀಸಲ್ಲ. ಪುಣ್ಯಕೋಟಿ ಮರಳಿ ಬಂದಾಗ ಹುಲಿಯ ಮನಸ್ಸು ಕರಗಿತು. ಹರಿಶ್ಚಂದ್ರ ಕತ್ತಿ ಎತ್ತಿದಾಗ ವಿಶ್ವೇಶ್ವರ ಪ್ರತ್ಯಕ್ಷನಾದ. ಸೇಲಂನಲ್ಲಿ ಹುಲಿ ಕರಗಲಿಲ್ಲ. ಯಾವ ದೇವರೂ ನೇಣುಗಂಬದ ಬಳಿ ಬರಲಿಲ್ಲ. ಕೊನೆಗೆ ಒಳ್ಳೆಯದಾಗುವುದೆಂಬ ಭರವಸೆಯಿಲ್ಲದ ಕಡೆ ಸತ್ಯವನ್ನು ಹಿಡಿಯಬೇಕೆ ಎಂಬುದೇ ಇಲ್ಲಿನ ಪ್ರಶ್ನೆ.

ಮೇಲಾಗಿ ನಮ್ಮ ಪರಂಪರೆ ಸತ್ಯವೆಂದರೆ ನಡೆದದ್ದನ್ನು ನಡೆದಂತೆ ನುಡಿಯುವುದೆಂದು ಎಲ್ಲ ಕಡೆಯೂ ಹೇಳಿಲ್ಲ. ಮಹಾಭಾರತದ ಕರ್ಣಪರ್ವದಲ್ಲಿ ಅರ್ಜುನ ತನ್ನ ಶಪಥದ ಮಾತನ್ನು ಉಳಿಸಿಕೊಳ್ಳಲು ಅಣ್ಣನ ಮೇಲೆಯೇ ಖಡ್ಗ ಹಿರಿಯುತ್ತಾನೆ. ಆಗ ಕೃಷ್ಣ ಕೌಶಿಕನೆಂಬ ತಪಸ್ವಿಯ ಕಥೆ ಹೇಳುತ್ತಾನೆ. ಎಂದೂ ಸುಳ್ಳಾಡುವುದಿಲ್ಲವೆಂಬ ವ್ರತ ಹಿಡಿದ ಕೌಶಿಕ, ಕಾಡಿನಲ್ಲಿ ಅಡಗಿದ್ದ ಜನರ ಜಾಡನ್ನು ದರೋಡೆಕೋರರಿಗೆ ಇದ್ದಂತೆ ಹೇಳಿಬಿಟ್ಟ, ಅವರೆಲ್ಲ ಸತ್ತರು, ಸತ್ಯವಾದಿ ಕೌಶಿಕ ನರಕಕ್ಕೆ ಹೋದ. ಪ್ರಾಣ ಹೋಗುವ ಸಂದರ್ಭದಲ್ಲಿ ಆಡಿದ ಸುಳ್ಳು ಸುಳ್ಳಲ್ಲವೆಂದು ಅಲ್ಲಿಯೇ ಕೃಷ್ಣ ಹೇಳುತ್ತಾನೆ. ಇದೇ ತಕ್ಕಡಿಯಲ್ಲಿ ತೂಗಿದರೆ ಪ್ರಾಕ್ಟರ್ ಸಹಿ ಮಾಡಬೇಕಿತ್ತಲ್ಲವೆ?

ನಾಟಕದಲ್ಲಿ ಈ ವಾದವನ್ನು ಮಾಡುವವನು ರೆವರೆಂಡ್ ಹೇಲ್. ಅವನು ಮೊದಲ ಅಂಕದಲ್ಲಿ ಮಾಟವನ್ನು ಪತ್ತೆಹಚ್ಚುವ ವಿದ್ಯೆಯ ದಪ್ಪ ಪುಸ್ತಕಗಳನ್ನು ಹೊತ್ತು ಸೇಲಂಗೆ ಬರುತ್ತಾನೆ. ಆ ಪುಸ್ತಕಗಳ ಭಾರವೆಲ್ಲ ಅಧಿಕಾರದ ಭಾರವೆಂಬ ಹೆಮ್ಮೆ ಅವನದು. ಅವನ ಮಾತಿನಿಂದ ಜನ ಸೆರೆಗೆ ಹೋಗುತ್ತಾರೆ. ತಾನು ಬೆಂಬಲಿಸಿದ್ದು ಕೊಲೆಯನ್ನು ಎಂಬುದು ಮೂರನೆಯ ಅಂಕದಲ್ಲಿ ಅರಿವಾಗಿ ನ್ಯಾಯಾಲಯವನ್ನು ಧಿಕ್ಕರಿಸಿ ಹೊರಡುತ್ತಾನೆ. ಕೊನೆಯ ಅಂಕದಲ್ಲಿ ಸೆರೆಮನೆಗೆ ಮರಳಿ ಬಂದು, ಪಾದ್ರಿಯಾದವನೇ, ಸುಳ್ಳು ಹೇಳಿ ಬದುಕಿರೆಂದು ಕೈದಿಗಳನ್ನು ಬೇಡುತ್ತಾನೆ. ದೇವರು ಕೊಟ್ಟ ಜೀವಕ್ಕಿಂತ ದೊಡ್ಡ ತತ್ತ್ವ ಯಾವುದೂ ಇಲ್ಲವೆಂಬುದು ಅವನ ಮಾತಿನ ಸಾರ. ಹೇಲನನ್ನು ಹೇಡಿಯೆಂದು ಕರೆಯುವ ವಿಮರ್ಶಕರನ್ನು ನಾವು ಒಪ್ಪುವುದಿಲ್ಲ. ಎರಡು ತುದಿಯನ್ನೂ ಕಂಡು ಬಂದ ಮನುಷ್ಯ ಅವನು. ಅವನ ಬೇಡಿಕೆಯಲ್ಲಿ ಕರುಣೆಯಿದೆ. ಕೃಷ್ಣನ ಮಾತಿಗೂ ಅವನ ಮಾತಿಗೂ ದೂರವೇನಿಲ್ಲ.

ಆದರೂ ಪ್ರಾಕ್ಟರನೇ ಸರಿಯೆಂದು ನಮಗೆ ತೋರುತ್ತದೆ. ಏಕೆಂಬುದನ್ನು ತಿಳಿಯಬೇಕಾದರೆ ಆ ಬೆಳಗಿನ ಜಾವದಲ್ಲಿ ಅವನು ಒಪ್ಪಿದ್ದೇನು, ಒಪ್ಪದಿದ್ದದ್ದೇನು ಎಂಬುದನ್ನು ನಿಧಾನವಾಗಿ ನೋಡಬೇಕು.

ಸೈತಾನನನ್ನು ಕಂಡೆನೆಂದು ಬಾಯಲ್ಲಿ ಹೇಳಲು ಅವನು ಒಪ್ಪುತ್ತಾನೆ. ತಾನೇನೂ ಸಂತನಲ್ಲ, ಅಬಿಗೇಲಳೊಡನೆ ಕೆಟ್ಟು ಹೆಂಡತಿಗೆ ದ್ರೋಹ ಬಗೆದವನು, ಸಂತನಂತೆ ನೇಣಿಗೇರುವುದು ನಟನೆಯಾದೀತೆಂದು ಅವನ ಅಂಬೋಣ. ಆದ್ದರಿಂದ ಸತ್ಯವ್ರತವೆಂಬುದು ಅವನನ್ನು ತಡೆಯುವುದಿಲ್ಲ. ಸುಳ್ಳನ್ನು ಅವನು ಆಡಿಯೇ ಬಿಡುತ್ತಾನೆ! ಆಡಿದ ಮೇಲೆ ನ್ಯಾಯಾಧೀಶ ಡ್ಯಾನ್‌ಫೋರ್ತ್ ಮುಂದಿನ ಪ್ರಶ್ನೆ ಕೇಳುತ್ತಾನೆ: ಸೈತಾನನ ಜೊತೆ ರೆಬೆಕ್ಕಾ ನರ್ಸಳನ್ನು ಕಂಡೆಯಾ? ರೆಬೆಕ್ಕಾ ಊರಿನ ಹಿರಿಯಜ್ಜಿ. ಆಕೆ ಆಗ ಅಲ್ಲಿಯೇ ನಿಂತಿದ್ದಾಳೆ. ಅವಳ ತಂಗಿಯನ್ನು ಕಂಡೆಯಾ? ಇನ್ನಾರನ್ನು ಕಂಡೆ? ಇಲ್ಲಿ ಪ್ರಾಕ್ಟರ್ ನಿಂತುಬಿಡುತ್ತಾನೆ. ತನ್ನ ಪಾಪವನ್ನಷ್ಟೇ ಹೇಳಬಲ್ಲೆ, ಇನ್ನೊಬ್ಬರದನ್ನಲ್ಲ ಎನ್ನುತ್ತಾನೆ. ಅದೂ ಸಾಗಿತೆನ್ನುವಾಗ ಸಹಿಯ ಮಾತು ಬರುತ್ತದೆ. ಆ ಕಾಗದವನ್ನು ಚರ್ಚಿನ ಬಾಗಿಲಿಗೆ ಹೊಡೆದು ಊರಿಗೆಲ್ಲ ತೋರಿಸಬೇಕಾಗಿದೆ. ಕಂಡಿರಾ, ಪ್ರಾಕ್ಟರನಂತಹವನೇ ಒಪ್ಪಿದ. ಹಾಗಾದರೆ ಒಪ್ಪದೆ ಹಟ ಹಿಡಿದಿರುವ ರೆಬೆಕ್ಕಾ ಸುಳ್ಳಿ ಎನ್ನಲು ಆ ಕಾಗದ ಬೇಕು.

ಅವನು ಕಾಗದವನ್ನು ಹರಿಯುವ ಮುನ್ನ ತನ್ನ ಹೆಸರಿಗಾಗಿ ಕೂಗುವ ಕೂಗು ಪ್ರಸಿದ್ಧವಾದದ್ದು. ನೋಡಿದವರ ನೆನಪಿನಲ್ಲಿ ಉಳಿಯುವುದು ಅದೇ. ಹೀಗಾಗಿ ಇದು ಮಾನದ ಪ್ರಶ್ನೆಯೆಂದು, ಕುಲಗೌರವದ ಪ್ರಶ್ನೆಯೆಂದು ಅನೇಕರು ಭಾವಿಸಿದ್ದಾರೆ. ಅದಕ್ಕೆ ಸ್ವಲ್ಪ ಮುಂಚೆ ಅವನಾಡುವ ಇನ್ನೊಂದು ಮಾತನ್ನು ಕಿವಿಗೊಟ್ಟು ಕೇಳಬೇಕೆಂದು ನಮ್ಮ ಕೋರಿಕೆ. ಸ್ನೇಹಿತರನ್ನು ಮಾರಿಕೊಂಡವನು ತನ್ನ ಮಕ್ಕಳಿಗೆ ತಲೆಯೆತ್ತಿ ನಡೆಯುವುದನ್ನು ಹೇಗೆ ಕಲಿಸಬಲ್ಲ ಎಂದು ಅವನು ಕೇಳುತ್ತಾನೆ. ಮಾರಿಕೊಳ್ಳುವುದು ಎಂಬುದೇ ಇಲ್ಲಿ ಕೀಲಿ. ತನ್ನ ಮೇಲೆ ತಾನು ಹೇಳಿಕೊಳ್ಳುವ ಸುಳ್ಳು ತನ್ನದಾಗಿಯೇ ಉಳಿಯುವುದಾದರೆ ಅದಕ್ಕೆ ಬೆಲೆ ತೆರುವವನು ತಾನೊಬ್ಬನೇ. ಅಧಿಕಾರದ ಕೈಗೆ ಸಹಿ ಮಾಡಿಕೊಟ್ಟ ಸುಳ್ಳಿನ ಬೆಲೆಯನ್ನು ಪಕ್ಕದ ಕೋಣೆಯಲ್ಲಿರುವವರು ತೆರುತ್ತಾರೆ. ಕೌಶಿಕ ನರಕಕ್ಕೆ ಹೋದದ್ದು ನಿಜ ಹೇಳಿದ್ದಕ್ಕಲ್ಲ, ಅಡಗಿದವರ ಪ್ರಾಣವನ್ನು ತನ್ನ ವ್ರತಕ್ಕೆ ಬೆಲೆಯಾಗಿ ಕೊಟ್ಟದ್ದಕ್ಕೆ. ಪ್ರಾಕ್ಟರ್ ಸಹಿ ಮಾಡಿ ಕೊಟ್ಟಿದ್ದರೆ ಅವನೂ ಅದನ್ನೇ ಮಾಡಿದಂತಾಗುತ್ತಿತ್ತು; ಕೌಶಿಕ ನಿಜವನ್ನು ಬಳಸಿದ, ಇವನು ಸುಳ್ಳನ್ನು ಬಳಸುತ್ತಿದ್ದ. ಹೇಲನ ವಾದ ತಪ್ಪುವುದು ಇಲ್ಲಿ. ಅವನು ಒಂದು ಜೀವವನ್ನಷ್ಟೇ ಎಣಿಸಿದ.

ನಾಟಕದ ಗೈಲ್ಸ್ ಕೋರಿಯೂ ಇದೇ ಗೆರೆಯ ಮೇಲೆ ನಿಂತವನು. ಜಮೀನಿನ ಆಸೆಗಾಗಿ ಥಾಮಸ್ ಪಟ್ನಂ ತನ್ನ ಮಗಳಿಂದ ಸುಳ್ಳು ಆರೋಪ ಹೊರಿಸಿದನೆಂದು ಕೋರಿ ನ್ಯಾಯಾಲಯಕ್ಕೆ ತಿಳಿಸುತ್ತಾನೆ. ಅದನ್ನು ಕೇಳಿ ಹೇಳಿದವನ ಹೆಸರೇನೆಂದರೆ ಬಾಯಿ ಬಿಡುವುದಿಲ್ಲ. ಎಂದೋ ತಿಳಿಯದೆ ಹೆಂಡತಿಯ ಬಗ್ಗೆ ಒಂದು ಮಾತಾಡಿ ಅವಳನ್ನು ಸೆರೆಗೆ ಕಳಿಸಿದ ಮುದುಕ ಅವನು. ಹೆಸರು ಹೇಳಿದರೆ ಏನಾಗುವುದೆಂಬುದನ್ನು ಮನೆಯಲ್ಲೇ ಕಲಿತಿದ್ದ.

ಎಲಿಜಬೆತ್ ಪ್ರಾಕ್ಟರಳ ಸುಳ್ಳನ್ನು ಇಲ್ಲಿ ನೆನೆಯದಿದ್ದರೆ ನ್ಯಾಯವಾಗದು. ಜನ್ಮದಲ್ಲಿ ಸುಳ್ಳಾಡದವಳೆಂದು ಗಂಡನೇ ನ್ಯಾಯಾಲಯದಲ್ಲಿ ಸಾಕ್ಷಿ ಹೇಳುತ್ತಾನೆ. ಅಬಿಗೇಲಳ ನಡತೆಯನ್ನು ಬಯಲಿಗೆಳೆಯಲು ಅವನು ತನ್ನ ವ್ಯಭಿಚಾರವನ್ನು ಸಭೆಯಲ್ಲಿ ಒಪ್ಪಿಕೊಂಡಿದ್ದಾನೆ. ಅದು ಅವಳಿಗೆ ತಿಳಿಯದು. ಅವಳನ್ನು ಕರೆಸಿ, ನಿನ್ನ ಗಂಡ ಕೆಟ್ಟಿದ್ದನೇ ಎಂದು ಡ್ಯಾನ್‌ಫೋರ್ತ್ ಕೇಳಿದಾಗ, ಅವಳು ಇಲ್ಲವೆಂದುಬಿಡುತ್ತಾಳೆ. ಗಂಡನ ಮಾನ ಕಾಯಲು ಆಡಿದ ಆ ಒಂದೇ ಸುಳ್ಳಿನಿಂದ ಗಂಡನ ಸತ್ಯವೆಲ್ಲ ನೀರಲ್ಲಿ ಹೋಮವಾಗುತ್ತದೆ. ಈ ಘಟ್ಟವನ್ನು ಓದುವಾಗಲೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅವಳದು ಪ್ರೀತಿಯ ಸುಳ್ಳು, ಅದಕ್ಕೆ ಬೆಲೆ ತೆರಲು ತಾನೇ ಸಿದ್ಧಳಾಗಿ ಆಡಿದ ಸುಳ್ಳು. ಅವಳನ್ನು ದೂಷಿಸಲು ನಮ್ಮ ನಾಲಗೆ ಏಳದು.

ಇನ್ನು ಟಿಟುಬಾ. ಪ್ಯಾರಿಸನ ಮನೆಯ ಗುಲಾಮಳಾದ ಇವಳೇ ಮೊದಲು ಒಪ್ಪಿಕೊಂಡವಳು, ನಾಟಕದಲ್ಲೂ ಇತಿಹಾಸದಲ್ಲೂ. 1692ರ ಮಾರ್ಚ್ 2ರಂದು, ಸೈತಾನನ ಪುಸ್ತಕದಲ್ಲಿ ಒಂಬತ್ತು ಗುರುತುಗಳನ್ನು ಕಂಡೆನೆಂದು ಅವಳು ಹೇಳಿದಳು; ಉಳಿದ ಗುರುತುಗಳು ಯಾರವೆಂದು ಊರೆಲ್ಲ ಹುಡುಕತೊಡಗಿತು. ಹೆಸರು ಹೇಳಿದವಳೆಂದು ಅವಳನ್ನೂ ಪ್ರಾಕ್ಟರನ ಅಳತೆಗೋಲಿನಿಂದ ಅಳೆಯಬೇಕೆ? ನಾಟಕದಲ್ಲಿ ಅವಳಿಗೆ ಚಾಟಿಯೇಟಿನ ಬೆದರಿಕೆ, ಸಾವಿನ ಬೆದರಿಕೆ. ಹೇಳಬೇಕಾದ ಹೆಸರನ್ನೂ ಎದುರಿಗಿದ್ದವರೇ ಬಾಯಿಗಿಡುತ್ತಾರೆ. ಪ್ರಾಕ್ಟರನಿಗೆ ಹೊಲವಿತ್ತು, ಊರಿನಲ್ಲಿ ಮರ್ಯಾದೆಯಿತ್ತು, ಕಳೆದುಕೊಳ್ಳಲು ಒಂದು ಹೆಸರಿತ್ತು. ಟಿಟುಬಾಳಿಗೆ ಮನೆತನದ ಹೆಸರನ್ನೂ ಯಾರೂ ಬರೆದಿಡಲಿಲ್ಲ. ಸೆರೆಮನೆಯ ಖರ್ಚು ಕಟ್ಟಲು ಯಜಮಾನ ಒಪ್ಪದೆ ಅವಳು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿಯೇ ಕೊಳೆತಳು; ಬಳಿಕ ಇನ್ನಾರೋ ಹಣ ತೆತ್ತು ಕೊಂಡೊಯ್ದರು. ಸಾರಾ ಗುಡ್ ಎಂಬ ಭಿಕ್ಷುಕಿಯ ನಾಲ್ಕೈದು ವರ್ಷದ ಮಗಳು ಡೊರೋಥಿಯನ್ನೂ ಸಂಕೋಲೆ ಹಾಕಿ ತಿಂಗಳುಗಟ್ಟಲೆ ಸೆರೆಯಲ್ಲಿಟ್ಟಿದ್ದರು. ಆ ಮಗುವಿನ ಬಾಯಿಂದಲೂ ತಾಯಿಯ ಮೇಲಿನ ಆರೋಪವನ್ನು ಹೊರಡಿಸಿದರು. ಸತ್ಯದ ಹೊರೆಯನ್ನು ಎಲ್ಲರ ಹೆಗಲಿಗೂ ಒಂದೇ ತೂಕದಲ್ಲಿ ಹೊರಿಸುವುದು ನೀತಿಯಲ್ಲ, ಕ್ರೌರ್ಯ. ಶಾಲೆಯಲ್ಲಿ ಆಯುಸ್ಸು ಕಳೆದ ನಮಗೆ ಒಂದು ವಿಷಯ ಚೆನ್ನಾಗಿ ಗೊತ್ತು. ಕಳುವಾದ ಪೆನ್ನಿನ ವಿಚಾರಣೆಯಲ್ಲಿ ಕೋಲು ಹಿಡಿದು ಎರಡನೆಯ ಸಲ ಕೇಳಿದ ಪ್ರಶ್ನೆಗೆ ಮಗು ಹೇಳುವುದು ನಡೆದದ್ದನ್ನಲ್ಲ, ಕೇಳುವವರು ಬಯಸಿದ್ದನ್ನು. ಮೂರನೆಯ ಸಲಕ್ಕೆ ಪಕ್ಕದಲ್ಲಿ ಕುಳಿತವನ ಹೆಸರು ಬರುತ್ತದೆ.

ಈ ಕಾರಣದಿಂದಲೇ ಮಿಲ್ಲರ್ ಮಾಡಿಕೊಂಡ ಒಂದು ಬದಲಾವಣೆ ನಮಗೆ ಒಪ್ಪಿಗೆಯಿಲ್ಲ. ಇತಿಹಾಸದ ಪ್ರಾಕ್ಟರ್ ಅರವತ್ತರ ಆಸುಪಾಸಿನವನು, ಅಬಿಗೇಲಳಿಗೆ ಹನ್ನೊಂದು, ಅಂದರೆ ಆರನೆಯ ತರಗತಿಯ ಮಗು. ಮಿಲ್ಲರ್ ಒಬ್ಬನ ವಯಸ್ಸನ್ನು ಇಳಿಸಿ ಇನ್ನೊಬ್ಬಳದನ್ನು ಹದಿನೇಳಕ್ಕೆ ಏರಿಸಿ ಇಬ್ಬರ ನಡುವೆ ಕಾಮದ ಎಳೆಯೊಂದನ್ನು ಕಲ್ಪಿಸಿದ. ರಂಗದ ಮೇಲೆ ಅದು ಬಿಗಿಯಾಗಿ ನಡೆಯುವುದು ನಿಜ. ಆದರೆ ಅದರಿಂದ, ಇಷ್ಟೆಲ್ಲ ಅನರ್ಥಕ್ಕೆ ಒಬ್ಬ ಹುಡುಗಿಯ ಮತ್ಸರವೇ ಮೂಲವೆಂಬ ಭಾವನೆ ಉಳಿದುಬಿಡುತ್ತದೆ. ಮಕ್ಕಳು ಚೀರಿದರು, ವಾರಂಟಿಗೆ ಸಹಿ ಹಾಕಿದವರು ಓದಿದ ದೊಡ್ಡವರು.

ಆ ದೊಡ್ಡವರ ಪ್ರತಿನಿಧಿ ಡ್ಯಾನ್‌ಫೋರ್ತ್. ಅವನು ಲಂಚ ತಿಂದವನಲ್ಲ, ಕುಡುಕನಲ್ಲ, ತರ್ಕ ಬಲ್ಲವನು. ಮಾಟವೆಂಬುದು ಕಣ್ಣಿಗೆ ಕಾಣದ ಅಪರಾಧ, ಅದಕ್ಕೆ ಮಾಡಿದವಳೂ ಅನುಭವಿಸಿದವಳೂ ಇಬ್ಬರೇ ಸಾಕ್ಷಿ, ಮಾಡಿದವಳು ಒಪ್ಪಳು, ಆದುದರಿಂದ ಅನುಭವಿಸಿದವಳ ಮಾತನ್ನೇ ನಂಬಬೇಕು ಎಂಬುದು ಅವನ ತರ್ಕ. ಒಂದು ಮೆಟ್ಟಿಲೂ ಜಾರಿದಂತೆ ಕಾಣದು! ನಾಲ್ಕನೆಯ ಅಂಕದ ಹೊತ್ತಿಗೆ ಅಬಿಗೇಲ್ ಪಾದ್ರಿಯ ಹಣ ಕದ್ದು ಓಡಿಹೋಗಿದ್ದಾಳೆ. ಮುಖ್ಯ ಸಾಕ್ಷಿಯೇ ಪರಾರಿ. ನೇಣನ್ನು ನಾಲ್ಕು ದಿನ ಮುಂದೂಡಿರೆಂದು ಪ್ಯಾರಿಸನೂ ಹೇಲನೂ ಬೇಡುತ್ತಾರೆ. ಡ್ಯಾನ್‌ಫೋರ್ತ್ ಒಪ್ಪುವುದಿಲ್ಲ. ಇದೇ ಆರೋಪಕ್ಕೆ ಈಗಾಗಲೇ ಹನ್ನೆರಡು ಜನರನ್ನು ನೇಣಿಗೆ ಹಾಕಿಯಾಗಿದೆ. ಇವರನ್ನು ಬಿಟ್ಟರೆ ಅವರಿಗೆ ಮಾಡಿದ್ದೇನು ಎಂಬ ಪ್ರಶ್ನೆ ಏಳುತ್ತದೆ. ಸತ್ತವರ ಮೇಲೆ ಮಾಡಿದ ತಪ್ಪು ತಪ್ಪಾಗದಿರಲು ಇನ್ನಷ್ಟು ಜನ ಸಾಯಬೇಕು. ಇಡೀ ನಾಟಕದಲ್ಲಿ ನಮ್ಮನ್ನು ಹೆಚ್ಚು ನಡುಗಿಸುವುದು ಹುಡುಗಿಯರ ಕೂಗಲ್ಲ, ಈ ಮನುಷ್ಯನ ತಣ್ಣನೆಯ ಲೆಕ್ಕ. ಪ್ರಾಕ್ಟರನ ಸಹಿಗಾಗಿ ಅವನು ಅಷ್ಟು ಹಾತೊರೆದದ್ದೂ ಆ ಹನ್ನೆರಡರ ಲೆಕ್ಕವನ್ನು ಸರಿದೂಗಿಸಲೆಂದೇ.

ನಾಟಕದಲ್ಲಿ ಬಾರದ ಇಬ್ಬರು ಸ್ತ್ರೀಯರನ್ನು ಇತಿಹಾಸದಿಂದ ಇಲ್ಲಿ ಕರೆಯಬೇಕೆನಿಸುತ್ತದೆ. ಮಾರ್ಗರೆಟ್ ಜೇಕಬ್ಸ್ ಎಂಬ ಹರೆಯದ ಹುಡುಗಿ ಹೆದರಿ ತಪ್ಪೊಪ್ಪಿಕೊಂಡಳು. ತನ್ನ ಅಜ್ಜನ ಹೆಸರನ್ನೂ ಜಾರ್ಜ್ ಬರೋಸ್ ಎಂಬ ಪಾದ್ರಿಯ ಹೆಸರನ್ನೂ ಹೇಳಿದಳು. ಹೇಳಿದ ಮೇಲೆ ಅಂತಃಸಾಕ್ಷಿ ಚುಚ್ಚಿ, ಅದೆಲ್ಲ ಸುಳ್ಳೆಂದು ಹಿಂತೆಗೆದುಕೊಂಡಳು, ಹಿಂತೆಗೆದುಕೊಂಡರೆ ನೇಣೆಂದು ತಿಳಿದೇ. ನ್ಯಾಯಾಲಯ ಕೇಳಲಿಲ್ಲ, ಆಗಸ್ಟ್ 19ರಂದು ಅಜ್ಜನೂ ಬರೋಸನೂ ಪ್ರಾಕ್ಟರನ ಜೊತೆಗೇ ನೇಣಿಗೇರಿದರು. ಕಾಯಿಲೆಯಿಂದ ವಿಚಾರಣೆ ಮುಂದೆ ಹೋದದ್ದರಿಂದ ಅವಳು ಉಳಿದಳು. ಇನ್ನೊಬ್ಬಳು ರೆಬೆಕ್ಕಾಳ ತಂಗಿ ಮೇರಿ ಈಸ್ಟಿ. ಮರಣದಂಡನೆಯಾದ ಮೇಲೆ ಅವಳು ನ್ಯಾಯಾಧೀಶರಿಗೊಂದು ಅರ್ಜಿ ಬರೆದಳು. ತನ್ನ ಪ್ರಾಣ ಹೇಗೂ ಹೋಗುವುದು, ಅದಕ್ಕಾಗಿ ಬೇಡುತ್ತಿಲ್ಲ, ಇನ್ನು ಮುಂದೆ ನಿರಪರಾಧಿಗಳ ರಕ್ತ ಹರಿಯದಂತೆ ನೋಡಿಕೊಳ್ಳಿರೆಂಬುದು ಅದರ ತಾತ್ಪರ್ಯ. ಸೆಪ್ಟೆಂಬರ್ 22ರಂದು ಅವಳನ್ನು ನೇಣಿಗೆ ಹಾಕಿದರು. ಆ ದಿನ ಸತ್ತ ಎಂಟು ಜನರೇ ಕೊನೆಯವರು. ಅಕ್ಟೋಬರಿನಲ್ಲಿ ರಾಜ್ಯಪಾಲ ಫಿಪ್ಸ್ ಆ ನ್ಯಾಯಾಲಯವನ್ನು ಮುಚ್ಚಿಸಿದ.

ಮಿಲ್ಲರ್ ಈ ಹಳೆಯ ಕಡತಗಳನ್ನು 1952ರಲ್ಲಿ ಸೇಲಂಗೇ ಹೋಗಿ ಓದಿದ. ಆಗ ಅಮೆರಿಕದಲ್ಲಿ ಕಮ್ಯುನಿಸ್ಟರ ಬೇಟೆ ನಡೆದಿತ್ತು. ಸಂಸತ್ತಿನ ಸಮಿತಿಯ ಮುಂದೆ ಬಂದವರಿಂದ ಅವರು ಅದನ್ನಷ್ಟೇ ಅಲ್ಲ, ಜೊತೆಯಲ್ಲಿದ್ದವರ ಹೆಸರುಗಳನ್ನೂ ಕೇಳುತ್ತಿದ್ದರು. ಮಿಲ್ಲರನ ಸ್ನೇಹಿತ, ಅವನ ನಾಟಕಗಳ ನಿರ್ದೇಶಕ ಎಲಿಯಾ ಕಜಾನ್ ಅದೇ ವರ್ಷ ಹೆಸರುಗಳನ್ನು ಹೇಳಿದ. 1956ರಲ್ಲಿ ಮಿಲ್ಲರನಿಗೇ ಕರೆ ಬಂತು. ತನ್ನ ವಿಷಯ ಕೇಳಿದ್ದಕ್ಕೆಲ್ಲ ಉತ್ತರಿಸಿ, ಇತರರ ಹೆಸರು ಕೇಳಿದಾಗ ನಿರಾಕರಿಸಿದ. ಮರುವರ್ಷ ಅವನನ್ನು ಅಪರಾಧಿಯೆಂದರು. 1958ರಲ್ಲಿ ಮೇಲಿನ ನ್ಯಾಯಾಲಯ ಆ ತೀರ್ಪನ್ನು ರದ್ದುಮಾಡಿತು. ತಾನು ಬರೆದ ಪಾತ್ರದ ಪರೀಕ್ಷೆಗೆ ತಾನೇ ಕೂತ ಲೇಖಕರು ವಿರಳ.

ಸೇಲಂನ ನ್ಯಾಯಾಧೀಶರಲ್ಲಿ ಸ್ಯಾಮ್ಯುಯೆಲ್ ಸೆವಾಲ್ ಎಂಬವನು 1697ರ ಜನವರಿಯಲ್ಲಿ ಬಾಸ್ಟನ್ನಿನ ತನ್ನ ಚರ್ಚಿನಲ್ಲಿ ಎದ್ದು ನಿಂತ. ಅವನು ಬರೆದುಕೊಟ್ಟ ಪಶ್ಚಾತ್ತಾಪದ ಮಾತುಗಳನ್ನು ಪಾದ್ರಿ ಓದುವವರೆಗೂ ಸಭೆಯೆದುರು ನಿಂತೇ ಇದ್ದ. ಆರೋಪ ಹೊರಿಸಿದ ಹುಡುಗಿಯರಲ್ಲೊಬ್ಬಳಾದ ಆ್ಯನ್ ಪಟ್ನಂ 1706ರಲ್ಲಿ ಹಾಗೆಯೇ ಕ್ಷಮೆ ಬೇಡಿದಳು. ಮುಖ್ಯ ನ್ಯಾಯಾಧೀಶ ವಿಲಿಯಂ ಸ್ಟೌಟನ್ ಬೇಡಲಿಲ್ಲ. ರಾಜ್ಯಪಾಲನು ಕೆಲವರ ನೇಣನ್ನು ತಡೆದಾಗ ಅವನು ಕೋಪಗೊಂಡು ಪೀಠದಿಂದ ಎದ್ದು ನಡೆದಿದ್ದ.

ಒಪ್ಪಿಕೊಂಡು ಬದುಕಿದವರಲ್ಲಿ ಎಲಿಜಬೆತ್ ಜಾನ್ಸನ್ ಎಂಬ ಹುಡುಗಿಯೂ ಒಬ್ಬಳು. ಆಗ ಅವಳಿಗೆ ಇಪ್ಪತ್ತೆರಡು ವರ್ಷ. ಮರಣದಂಡನೆಯಾಗಿದ್ದರೂ ರಾಜ್ಯಪಾಲನ ತಡೆಯಿಂದ ಉಳಿದುಕೊಂಡಳು. 1711ರಲ್ಲಿ ಸರಕಾರ ಅನೇಕರ ಕಳಂಕವನ್ನು ತೊಡೆದು ಪರಿಹಾರ ಕೊಟ್ಟಾಗ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. ತನ್ನ ಹೆಸರನ್ನೂ ಸೇರಿಸಿರೆಂದು ಅವಳು ಅರ್ಜಿ ಬರೆದಳು, ಫಲ ಸಿಗಲಿಲ್ಲ. ಮದುವೆಯಿಲ್ಲದೆ, ಮಕ್ಕಳಿಲ್ಲದೆ ಸತ್ತವಳಾದ್ದರಿಂದ ಅವಳಿಗಾಗಿ ಕೇಳುವ ಸಂತತಿಯೂ ಇರಲಿಲ್ಲ. ಅವಳು ಬಾಳಿದ ಪ್ರದೇಶದಲ್ಲಿ ಇಂದಿರುವ ನಾರ್ತ್ ಆ್ಯಂಡೋವರ್ ಊರಿನ ಶಾಲೆಯೊಂದರ ಎಂಟನೆಯ ತರಗತಿಯ ಮಕ್ಕಳು, ತಮ್ಮ ಶಿಕ್ಷಕಿಯ ಮಾರ್ಗದರ್ಶನದಲ್ಲಿ ಹಳೆಯ ದಾಖಲೆಗಳನ್ನು ಓದಿ ಶಾಸಕರಿಗೆ ಪತ್ರ ಬರೆಯತೊಡಗಿದರು. ಒಂದು ವರ್ಷದ ಮಕ್ಕಳು ತೇರ್ಗಡೆಯಾಗಿ ಹೋದರೆ ಮುಂದಿನ ವರ್ಷದವರು ಕೆಲಸವನ್ನು ಕೈಗೆತ್ತಿಕೊಂಡರು. 2022ರ ಜುಲೈಯಲ್ಲಿ ಮ್ಯಾಸಚೂಸೆಟ್ಸ್ ಸರಕಾರ ತನ್ನ ಆಯವ್ಯಯದ ಮಸೂದೆಯೊಳಗೆ ಒಂದು ಸಾಲು ಸೇರಿಸಿ ಎಲಿಜಬೆತ್ ಜಾನ್ಸನ್ ನಿರಪರಾಧಿಯೆಂದು ಬರೆಯಿತು.